ನಿನಗೆ ಕಟ್ಟಿದ ಮೌನವ್ರತ

ಗೌರತ್ತೀ,

ಯಲಬುರ್ಗಾದ ನಿನ್ನ ಒಳಕೋಣೆಯಲ್ಲಿ ಈಗ ಜೋಳದ ಚೀಲ ಇಟ್ಟಿದ್ದಾರೆ. ಕಿಟಕಿಯಿಲ್ಲದ ಕೋಣೆ, ಚೀಲಕ್ಕೇ ಸರಿ. ಅಲ್ಲಿ ಮನುಷ್ಯಳನ್ನು ಹೇಗೆ ಇಟ್ಟರೋ...

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ನೀನು ತವರಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಊಟ ಬೇಡ, ಮಾತು ಬೇಡ. ನನ್ನನ್ನು ನೋಡಲು ಗಂಗಾವತಿಯವರು ಬಂದ ದಿನ ವರನ ತಾಯಿ ಒಳಗೆ ಇಣುಕಿ, "ಈಕಿ ಯಾಕ ಮಾತಾಡವಲ್ಲಳು?" ಎಂದರು. ಅಜ್ಜಿ ತಡವರಿಸಲೇ ಇಲ್ಲ. "ಮೌನವ್ರತ ಹಿಡದಾಳ್ರಿ, ಅಣ್ಣನ ಮಗಳಿಗೆ ಛಲೋ ಮನಿ ಸಿಗಲಿ ಅಂತ." ವರನ ತಾಯಿ ನಿನ್ನ ಕಾಲಿಗೇ ಬಿದ್ದರು! ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ಓಣಿಯ ಹೆಂಗಸರೆಲ್ಲ ಸೋಮವಾರ ಕಾಯಿ, ಕುಂಕುಮ ತರತೊಡಗಿದರು. ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ವ್ರತದವಳಿಗೆ ಎಂಥ ಡಾಕ್ಟರು? ನಾನು ನಿನ್ನ ತಲೆ ಬಾಚುವಾಗ ಒಮ್ಮೆ ನೀನೇ, "ಹೊರಗ ಬರಬೇಕು ಅನಸತೈತಿ, ಆದ್ರ ನಾ ಮಾತಾಡಿದ್ರ ನಿನ್ನ ಮದುವಿ..." ಎಂದು ನಿಲ್ಲಿಸಿದೆ. ನನ್ನ ಮದುವೆ ಮುಗಿಯಿತು. ತಂಗಿ ಶಾಂತಾಳದು ಬಾಕಿಯಿತ್ತಲ್ಲ, ವ್ರತ ಮುಂದುವರಿಯಿತು. ಉಣ್ಣದೆ ಉಣ್ಣದೆ ನೀನು ಹೋಗಿಯೇಬಿಟ್ಟೆ.

ಹೆರಿಗೆಯಾದ ಮೇಲೆ ನಾನೂ ಗೋಡೆಗೆ ಮುಖ ಮಾಡಿದೆ, ಅತ್ತಿ. ಕೂಸು ಅತ್ತರೂ ಕೈ ಏಳುತ್ತಿರಲಿಲ್ಲ. ಬಳ್ಳಾರಿಯಿಂದ ಕೊಪ್ಪಳಕ್ಕೆ ಬರುವ ಮನೋರೋಗದ ಡಾಕ್ಟರಿಗೆ ತೋರಿಸಿದರು. "ಇದು ಸ್ವಲ್ಪ ರಕ್ತದಾಗ ಬರತೈತಿ, ಸ್ವಲ್ಪ ಮನಿ ಸಂಕಟದಿಂದ ಬರತೈತಿ. ಪೆಟ್ಟು ತಿಂದ ಪ್ರಾಣಿ ಮೂಲಿ ಸೇರಿ ಜೀವ ಉಳಿಸಿಕೊಳ್ತೈತಲ್ಲ, ಆ ಹಳೇ ಗುಣ ನಮ್ಮೊಳಗೂ ಉಳದೈತಿ ಅಂತ ಕೆಲವರು ಅಂತಾರ," ಎಂದರು. ಇರಬಹುದು. ಆದರೆ ಮೂಲೆ ಸೇರಿದ ಎಮ್ಮೆಯ ಮುಂದೆ ಯಾರೂ ಕಾಯಿ ಒಡೆಯುವುದಿಲ್ಲವಲ್ಲ!

"ನಿಮ್ಮ ತವರಾಗ ಯಾರಿಗರ ಹಿಂಗ ಆಗಿತ್ತೇನವಾ?" ಎಂದು ಕೇಳಿದರು. ಪಕ್ಕದಲ್ಲೇ ನನ್ನ ಗಂಡನ ತಾಯಿ. ಶಾಂತಾಳನ್ನು ಅವರ ಕಿರಿಮಗನಿಗೇ ಕೇಳಿದ್ದರು. ಹೌದು ಎಂದರೆ ಅವಳ ಮದುವೆ ಮುರಿಯುತ್ತದೆ. ಇಲ್ಲ ಎಂದರೆ ನನಗೂ ಅದೇ ಕೋಣೆ. ಕೊನೆಗೆ ನಿನ್ನ ಹೆಸರು ಹೇಳಿದೆ. "ಆಕಿದು ವ್ರತ ಅಲ್ರಿ, ಇದೇ ಜಡ್ಡು," ಎಂದೆ.

ಬಸ್ಸಿನಲ್ಲಿ ಗಂಗಾವತಿಯವರೆಗೂ ಗಂಡನ ತಾಯಿ ನನ್ನ ಮುಖ ನೋಡಲಿಲ್ಲ. ಶಾಂತಾಳ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಅವಳ ಬಾಳು ನಾನೇ ಹಾಳುಮಾಡಿದೆನೇನೋ ಎಂದು ಹೆದರಿಕೆಯಾಗುತ್ತದೆ.

ಆದರೂ ಈ ಸುದ್ದಿ ನಿನಗೆ ತಿಳಿಯಲೇಬೇಕು. ನಿನ್ನೆ ಕೂಸಿಗೆ ನಾನೇ ನೀರು ಹಾಕಿದೆ. ಈ ಜಡ್ಡಿಗೆ ಗುಳಿಗೆ ಇದೆ ಅತ್ತಿ. ನೀನು ಬದುಕಿದ್ದಾಗಲೂ ಇತ್ತಂತೆ.