ಎಡಗೆನ್ನೆಯ ನೆರಳು

ಹುಬ್ಬತಲೈ
14 ಜೂನ್ 2024, ಶುಕ್ರವಾರ

ಪ್ರೀತಿಯ ಅಭಿನಯಾ,

ಈ ಕಾಗದವನ್ನು ಹರಿದು ಒಲೆಗೆ ಹಾಕಬೇಕೆನಿಸಿದರೆ ಹಾಕು, ಆದರೆ ಜೊತೆಗಿಟ್ಟಿರುವ ಫೋಟೋವನ್ನು ಮಾತ್ರ ಜೋಪಾನ ಮಾಡು. ಅದು ನಿನಗೆ ಬೇಕಾಗುತ್ತದೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಎತ್ತುತ್ತಿರಲಿಲ್ಲ.

ಕಳೆದ ಸೋಮವಾರ ಹಟ್ಟಿಯ ಕೂಟದಲ್ಲಿ ಹಿರಿಯರ ಮುಂದೆ ನಿಂತು ನೀನು ಹೇಳಿದೆ: ನಿನ್ನ ಗಂಡ, ಅಂದರೆ ನನ್ನ ತಮ್ಮ ಪ್ರವೀಣ್, ನಿನ್ನನ್ನು ಹೊಡೆಯುತ್ತಾನೆ, ಫೆಬ್ರವರಿಯಲ್ಲಿ ಫೋಟೋ ತೆಗೆದ ದಿನ ಬೆಳಿಗ್ಗೆಯೂ ಹೊಡೆದಿದ್ದ, ಬೇಕಾದರೆ ಅಕ್ಕನನ್ನೇ ಕೇಳಿ ಎಂದು. ಅವನು ಜೇಬಿನಿಂದ ಫೋನ್ ತೆಗೆದು, ಸ್ಪರ್ಧೆಯಲ್ಲಿ ನನಗೆ ಬಹುಮಾನ ತಂದ ನಿನ್ನ ಫೋಟೋವನ್ನು ಮುಂದೆ ಹಿಡಿದ. ಊರಗೌಡ ಲಿಂಗಜ್ಜ ಕನ್ನಡಕ ಏರಿಸಿಕೊಂಡು ನೋಡಿ, “ಈ ಮೊಗದೊಗೆ ಗಾಯ ಎಲ್ಲಿ?” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಫೋಟೋ ತೆಗೆಯುತ್ತ ಮೂರು ಗಂಟೆ ಕಾಲ ಅವಳನ್ನು ಹತ್ತಿರದಿಂದ ನೋಡಿದವಳು ನೀನು, ಏನಾದರೂ ಕಂಡೆಯಾ ಎಂದು ಕೇಳಿದರು. ನಾನು “ಇಲ್ಲೆ”, ಕಂಡಿಲ್ಲ ಎಂದೆ. ಆ ಒಂದು ಮಾತಿನ ಮೇಲೆ, ನೀನು ಬರುವ ಸೋಮವಾರದೊಳಗೆ ಕಟ್ಟಬೆಟ್ಟಿನ ತವರಿನಿಂದ ಗಂಡನ ಮನೆಗೆ ಹಿಂತಿರುಗಬೇಕೆಂದು ತೀರ್ಮಾನವಾಯಿತು.

ನಾನು ಸುಳ್ಳು ಹೇಳಿದೆ, ಅಭಿನಯಾ. ನನಗೆ ಕಂಡಿತ್ತು.

ಕೊಯಮತ್ತೂರಿನ ಬಟ್ಟೆ ಅಂಗಡಿಯವರು ನಮ್ಮ ಹೆಂಗಸರು ಉಡುವ ಬಿಳಿ ಮುಂಡು, ತಲೆಗೆ ಕಟ್ಟುವ ಪಟ್ಟುಗಳನ್ನೇ ಹೊಸ ಫ್ಯಾಷನ್ ಮಾಡಿ ಮಾರುತ್ತೇವೆ, ಫೋಟೋ ಬೇಕು ಎಂದಾಗ, ಹೊರಗಿನ ಮಾಡೆಲ್ ಯಾಕೆ, ನಮ್ಮ ಮನೆಯ ಹೆಣ್ಣಿದ್ದಾಳೆ ಎಂದು ಜಂಬ ಕೊಚ್ಚಿದವಳು ನಾನೇ. ಇಪ್ಪತ್ತು ವರ್ಷ ಕೂನೂರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದು ಸವೆದವಳಿಗೆ ಅದು ದೊಡ್ಡ ಅವಕಾಶ. ಆ ಚಿತ್ರವನ್ನು ಓದುವುದು ಹೇಗೆಂದು ಈಗ ಹೇಳುತ್ತೇನೆ. ತೀರ್ಪುಗಾರರು ಓದಿದ್ದನ್ನು ಬಿಡು, ನಾನು ಮಾಡಿದ್ದನ್ನು ಕೇಳು.

ಮೊದಲು ಬೆಳಕು. ಅಂದು ದಟ್ಟ ಮಂಜು. ಮಂಜಿನ ಬೆಳಕು ಯಾರ ಪಕ್ಷವನ್ನೂ ವಹಿಸುವುದಿಲ್ಲ. ನಾಲ್ಕೂ ಕಡೆಯಿಂದ ಬಂದು ಮುಖದ ಒಂದು ಮಚ್ಚೆಯನ್ನೂ ಬಿಡದೆ ತೋರಿಸುತ್ತದೆ. ಟೀ ಗಿಡಗಳ ಸಾಲಿನಲ್ಲಿ ನಿನ್ನನ್ನು ನಿಲ್ಲಿಸಿ, ಬೆಳಕು ನೋಡಲೆಂದು ಒಂದು ಫೋಟೋ ತೆಗೆದೆ. ಪರದೆಯಲ್ಲಿ ದೊಡ್ಡದು ಮಾಡಿದರೆ ಎಡಗೆನ್ನೆ ಊದಿತ್ತು, ನೀನು ಹಚ್ಚಿದ್ದ ಪೌಡರಿನ ಕೆಳಗೆ ನೀಲಿಗಟ್ಟಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಲ್ಲಿ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಮಂಜು ಜಾಸ್ತಿಯಾಯಿತು ಎಂದು ನೆಪ ಹೇಳಿ, ಎಲೆ ತೂಗುವ ಷೆಡ್ಡಿಗೆ ನಿನ್ನನ್ನು ಕರೆದುಕೊಂಡು ಹೋದೆ.

ಆ ಷೆಡ್ಡಿಗೆ ಇರುವುದು ಒಂದೇ ಬಾಗಿಲು. ನಿನ್ನ ಬಲಗೆನ್ನೆಯನ್ನು ಅದರ ಕಡೆ ತಿರುಗಿಸಿದೆ. ಇಂಥ ಫೋಟೋಗಳಲ್ಲಿ ಕತ್ತಲಿರುವ ಕಡೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿಯುತ್ತೇವೆ. ಬೆಳಕು ತಟ್ಟಿ ವಾಪಸು ಬಂದು ನೆರಳು ತಿಳಿಯಾಗುತ್ತದೆ. ನಾನು ಅಲ್ಲಿ ಕರಿ ಕಂಬಳಿ ನೇತುಹಾಕಿದೆ. ಎಡಗೆನ್ನೆ ಪೂರ್ತಿ ಮುಳುಗಿತು. ಆಮೇಲೆ ನಿನ್ನನ್ನು ಚೌಕಟ್ಟಿನ ಅಂಚಿಗೆ ಒತ್ತಿ, ಉಳಿದ ಜಾಗವನ್ನೆಲ್ಲ ಕಪ್ಪಾಗಿಯೇ ಬಿಟ್ಟೆ. ಮೌನಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ ಎಂದು ತೀರ್ಪುಗಾರರು ಹೊಗಳಿದರು. ಕೆನ್ನೆ ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯದಿರಲಿ ಎಂದಷ್ಟೇ ಹಾಗೆ ಮಾಡಿದ್ದೆ.

ಇಷ್ಟಾದರೂ ಎಡಗಣ್ಣಿನ ಮೇಲೆ ಸ್ವಲ್ಪ ಕಾಣುತ್ತಿತ್ತು. ನಿನ್ನ ಪಟ್ಟನ್ನು ಬಿಚ್ಚಿ, ಹುಬ್ಬಿನವರೆಗೆ ಓರೆಯಾಗಿ ಇಳಿಸಿ ಕಟ್ಟಿದೆ. ಕೂಟದ ಗಂಡಸರಿಗೆ ಅದರಲ್ಲಿ ಏನೂ ಕಾಣಲಿಲ್ಲ. ಅವರು ಯಾವತ್ತು ಪಟ್ಟು ಕಟ್ಟಿದವರು? ಆದರೆ ಮನೆಗೆ ಬಂದ ಮೇಲೆ ನಮ್ಮ ಅಜ್ಜಿ, ನಂಜಿ ಹೆತ್ತೆ, ಫೋನ್ ಈಸಿಕೊಂಡು ನೋಡಿದಳು. ಹಣೆ ಮುಚ್ಚಿ ಓರೆಯಾಗಿ ಪಟ್ಟು ಕಟ್ಟುವ ಹೆಣ್ಣನ್ನು ಎಂಬತ್ತು ವರ್ಷದಲ್ಲಿ ಅವಳು ಕಂಡವಳಲ್ಲ. “ಈ ಪಟ್ಟ ಆರು ಕಟ್ಟಿದ್ದು?” ಎಂದು ಕೇಳಿ ನನ್ನ ಮುಖವನ್ನೇ ನೋಡಿದಳು. ಅವತ್ತಿನಿಂದ ನಾನು ಕೊಟ್ಟ ಕಾಪಿ ಲೋಟವನ್ನು ಅವಳು ಮುಟ್ಟಿಲ್ಲ.

ನಮ್ಮ ಅವ್ವೆ ತೀರಿಹೋದಾಗ ಪ್ರವೀಣ್‌ಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ನಾನು ಬೆಳೆಸಿದವನು ಹೆಂಡತಿಯ ಮೇಲೆ ಕೈ ಎತ್ತುತ್ತಾನೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಇದನ್ನು ಕ್ಷಮೆಗೆಂದು ಹೇಳುತ್ತಿಲ್ಲ.

ಮಂಜಿನಲ್ಲಿ ತೆಗೆದ ಆ ಮೊದಲ ಫೋಟೋ ಇದರೊಳಗಿದೆ, ಹಿಂದೆ ದಿನ, ಹೊತ್ತು ಬರೆದಿದ್ದೇನೆ. ಮೆಮೊರಿ ಕಾರ್ಡನ್ನೂ ಇಟ್ಟಿದ್ದೇನೆ. ಪೊಲೀಸರಿಗೆ ಕೊಡುವುದಾದರೆ ಅದನ್ನೇ ಕೊಡು. ಇನ್ನೊಂದು ಪ್ರತಿಯನ್ನು ಇವತ್ತು ಸಂಜೆ ನಾನೇ ಲಿಂಗಜ್ಜನ ಕೈಗೆ ಕೊಡುತ್ತೇನೆ, ಸೋಮವಾರ ಕೂಟದಲ್ಲಿ ನಿಂತು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಪ್ರವೀಣ್‌ಗೆ ಹೇಳಿದೆ. ಸ್ಟುಡಿಯೋದ ಕೀಲಿ ಕಸಿದುಕೊಂಡು, ಇನ್ನು ನೀನು ಅಕ್ಕನೇ ಅಲ್ಲ ಎಂದು ಹೋದ. ಅವನು ಹಿಡಿದ ಮಣಿಕಟ್ಟು ಬರೆಯುವಾಗ ಇನ್ನೂ ನೋಯುತ್ತಿದೆ.

ನೀನು ಬರಬೇಡ. ಯಾರು ಕರೆದರೂ, ನಾನೇ ಕರೆದರೂ ಬರಬೇಡ.

ನಿನ್ನ ಬಾಯಲ್ಲಿ ಅಕ್ಕ ಎನಿಸಿಕೊಂಡಿದ್ದ
ಕಲೈಸೆಲ್ವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬೆಳಕು, ಚೌಕಟ್ಟು ಎಲ್ಲ ಹೇಳಿ ಭಾವದ ಬಗ್ಗೆ ಹೇಳದೆ ಬಿಟ್ಟೆ. ಬಹುಮಾನ ಬಂದದ್ದೇ ಅದಕ್ಕೆ. ಆ ಕಣ್ಣುಗಳಲ್ಲಿ ಅಂಥ ಭಾವವನ್ನು ಹೇಗೆ ತಂದಿರಿ ಎಂದು ವೇದಿಕೆಯಲ್ಲಿ ಕೇಳಿದಾಗ, ಅದೃಷ್ಟ ಎಂದು ನಕ್ಕಿದ್ದೆ. ಷೆಡ್ಡಿನಲ್ಲಿ ನೀನು ನನ್ನನ್ನು ನೋಡಿ, “ಅಕ್ಕಾ, ನಾ ಆ ಮನೆಗ ಹೋಗಾರೆ”, ಇನ್ನು ಹೋಗಲಾರೆ ಎಂದಾಗ ಬಂದ ಭಾವ ಅದು. ಸೋಮವಾರ ಇದನ್ನೂ ಹೇಳುತ್ತೇನೆ. “ಹಂಗೇ ಇರು, ಮೊಗ ಅಲ್ಲಾಡಿಸಬೇಡ” ಎಂದು ನಾನು ಫೋಟೋ ತೆಗೆದೆ.