ಬೈದರೆ ಸುಮ್ಮನಾಗುವ ಬೆಕ್ಕು

ಜನವರಿ 12, ಸೋಮವಾರ. ಬೆಳಗ್ಗೆ 7.20

ನನ್ನದು 162. ಅವನದು 418. ಒಂದೇ ಮೆಷಿನ್, ಎರಡು ರಕ್ತ. ನನಗೆ ಮಾತ್ರೆ, ಅವನಿಗೆ ಇನ್ಸುಲಿನ್. ಎರಡು ಯುನಿಟ್, ಹೆಗಲ ಹತ್ತಿರ ಚರ್ಮ ಎತ್ತಿ ಚುಚ್ಚಿದ್ದಾಯಿತು. ಅದು ಅವನಿಗೆ ಗೊತ್ತೇ ಆಗುವುದಿಲ್ಲ. ರಕ್ತಕ್ಕೆಂದು ಕಿವಿಯಂಚು ಚುಚ್ಚುವಾಗ ಮಾತ್ರ ತಲೆಯೆತ್ತಿ ನೋಡುತ್ತಾನೆ — ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಕೂತು ಕಲಿತದ್ದು ಇಷ್ಟೇನಾ ಎಂಬಂತೆ.

ಎರಡು ತಿಂಗಳಾಯಿತು. ಇಳಿಯುತ್ತಿಲ್ಲ. ಮೊದಲು ಕಂಪೌಂಡ್ ಗೋಡೆ ಅವನಿಗೆ ಒಂದೇ ನೆಗೆತ. ಈಗ ಹಿಂಗಾಲಿನ ಹಿಮ್ಮಡಿ ಊರಿ, ಮೊಲದ ಹಾಗೆ ಕುಂಟುತ್ತ, ಗೋಡೆಯ ಬುಡದ ತೂತಿನಿಂದ ಆಚೆ ಹೋಗುತ್ತಾನೆ. ಸಕ್ಕರೆ ಇಳಿದರೆ ಕಾಲು ಮರಳುತ್ತದೆ ಎಂದರು ಡಾಕ್ಟರ್. ಇಳಿಯದಿದ್ದರೆ... ವಾಕ್ಯ ಮುಗಿಸಲಿಲ್ಲ. 

ಹನ್ನೊಂದು ವರ್ಷದ ಬೆಕ್ಕು. ಗೋಡೆಯ ಈಚೆ ಗುಂಡ. ಆಚೆ, ಪಕ್ಕದ ಮನೆಯ ಫಾತಿಮತ್ ಝುಹ್ರಾಳಿಗೆ, ಸುಲ್ತಾನ್. ಕ್ಲಿನಿಕ್ಕಿನ ಫೈಲಿನಲ್ಲಿ ಜಗಳ ಬೇಡವೆಂದು ‘ಗುಂಡ ಸುಲ್ತಾನ್, ಉಪ್ಪಳ’.

ಜನವರಿ 18, ಭಾನುವಾರ. ಬೆಳಗ್ಗೆ

ನಿನ್ನೆ ಕಾಸರಗೋಡು. ಬೆಕ್ಕಿನ ಡಾಕ್ಟರ್ ಡಾ. ಪೂಜಾಶ್ರೀ ಕೊಟ್ಟ ಹೊತ್ತು ಸಂಜೆ ಆರೂವರೆ. ಐದಕ್ಕೇ ಹೊರಟೆವು. ಹಳೆಯ ವ್ಯಾಗನಾರ್ ನನ್ನ ಕೈಯಲ್ಲಿ. ಹಿಂದಿನ ಸೀಟಿನಲ್ಲಿ ಝುಹ್ರಾ, ಅವಳ ಮಡಿಲಲ್ಲಿ ಅವನು — ತರಕಾರಿಯ ಎರಡು ಪ್ಲಾಸ್ಟಿಕ್ ಕ್ರೇಟ್, ಒಂದರ ಮೇಲೊಂದು ಬೋರಲು, ಸುತ್ತ ನೈಲಾನ್ ಹಗ್ಗ. ಅಂಗಡಿಯಿಂದ ಬೆಕ್ಕಿನ ಪೆಟ್ಟಿಗೆಯನ್ನೂ ತಂದಿದ್ದೆ. ಅದರೊಳಗೆ ಉಚ್ಚೆ ಹೊಯ್ದು ತನ್ನ ಅಭಿಪ್ರಾಯ ತಿಳಿಸಿದ್ದಾನೆ.

ಗೇಟು ದಾಟಿದ್ದೇ ತಡ, ಕೂಗು. ಬೆಕ್ಕಿನ ಕೂಗಲ್ಲ, ಆಸ್ತಿ ಪಾಲಿನಲ್ಲಿ ಮೋಸ ಹೋದವರ ಕೂಗು. ಬಂದ್ಯೋಡು ಬಂತು. ಶಿರಿಯ ಸೇತುವೆ ಬಂತು. ನಿಲ್ಲಿಸಲಿಲ್ಲ. ಝುಹ್ರಾ ಪದ ಹಾಡಿದಳು, ಬೆನ್ನು ಸವರಿದಳು. ಕೂಗು ಇನ್ನೂ ಒಂದು ಸ್ವರ ಮೇಲೆ ಹೋಯಿತು.

ಕುಂಬಳೆಯಲ್ಲಿ ರಸ್ತೆ ಮತ್ತೆ ತಿರುಗಿಸಿದ್ದಾರೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಎಂಬತ್ತಾರರಲ್ಲಿ ಇದೇ ದಾರಿಯಲ್ಲಿ ಬಸ್ಸಿಗೆ ನಲವತ್ತೈದು ನಿಮಿಷ! ಕಂಡಕ್ಟರ್ ಇಳಿದು ಚಾ ಕುಡಿದು ಬಂದ್ರೂ ನಲವತ್ತೈದು! ಈಗ ಆರು ಲೇನ್, ಒಂದು ಗಂಟೆ! ಎದುರು ಕಾಣುವ ಅಂಗಡಿಗೆ ಹೋಗ್ಲಿಕ್ಕೆ ಎರಡು ಕಿಲೋಮೀಟರ್ ಸುತ್ತು! ಬೋರ್ಡಿನಲ್ಲಿ ಕನ್ನಡ ಹುಡುಕ್ಲಿಕ್ಕೆ ಭೂತಗನ್ನಡಿ!"

ಹಿಂದೆ ನಿಶ್ಶಬ್ದ.

"ಅಕ್ಕ," ಎಂದಳು ಝುಹ್ರಾ, ಪಿಸುದನಿಯಲ್ಲಿ. "ಇವ ಕೇಳ್ತಾ ಇದ್ದಾನೆ. ಕಿವಿ ನೆಟ್ಟಗೆ ಉಂಟು. ನಿಲ್ಲಿಸ್ಬೇಡಿ."

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಕೂಗು ಶುರು. ಬೈದೆ. ಬಂದ್.

ಮೊಗ್ರಾಲು ದಾಟುವಾಗ ಹೆದ್ದಾರಿಯ ಬೈಗುಳ ಮುಗಿದು ರೇಷನ್ ಕಾರ್ಡಿನ ಫಾರಂಗೆ ಬಂದಿದ್ದೆ. ಕಾಸರಗೋಡು ತಲುಪುವಾಗ 1991ರಲ್ಲಿ ಕೊಟ್ಟ, ಇಂದಿಗೂ ಉತ್ತರ ಬಾರದ ಅರ್ಜಿಯಲ್ಲಿದ್ದೆ. ನಲವತ್ತು ವರ್ಷದಲ್ಲಿ ನನ್ನ ಅಹವಾಲನ್ನು ಕೊನೆಯವರೆಗೆ ಕೇಳಿದವನು ಇವನೊಬ್ಬನೇ.

ಡಾಕ್ಟರ್ ನೋಡಿದರು. 431. "ಅನ್ನ ಕೊಡ್ತಿಲ್ಲ ಅಲ್ವಾ? ದೋಸೆ, ರೊಟ್ಟಿ, ಅಕ್ಕಿದು ಎಂತದೂ?" ಇಬ್ಬರೂ ಜೋರಾಗಿ ತಲೆಯಾಡಿಸಿದೆವು. ಮೀನು, ಕೋಳಿ, ಅಷ್ಟೆ. "ಹಾಗಾದ್ರೆ ಮೂರು ಯುನಿಟ್ ಮಾಡುವ. ಆದ್ರೆ ಕಾರಲ್ಲಿ ಯಾವಾಗ್ಲೂ ಜೇನು ಇಟ್ಟುಕೊಳ್ಳಿ. ಹೊಟ್ಟೆಗೆ ಇಲ್ಲದೆ ಇಂಜೆಕ್ಷನ್ ಹೋದ್ರೆ ಶುಗರ್ ಒಮ್ಮೆಲೇ ಬೀಳ್ತದೆ. ತಲೆ ವಾಲ್ತದೆ, ನಡುಕ ಬರ್ತದೆ, ಸುಮ್ಮನೆ ಬಿದ್ದುಕೊಳ್ತಾನೆ. ಆಗ ಒಸಡಿಗೆ ಜೇನು ಉಜ್ಜಿ. ನನಗೆ ಫೋನ್ ಮಾಡುದು ಆಮೇಲೆ."

ಜೇನು ಕೊಂಡೆ. ಸಣ್ಣ ಬಾಟಲಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಾಯಿತು.

ಫೆಬ್ರವರಿ 5, ಗುರುವಾರ

402. 389. 415. ಮೂರು ಯುನಿಟ್ ಎಲ್ಲಿಗೆ ಹೋಗುತ್ತದೋ.

ಇನ್ನೊಂದು ವಿಷಯ. ಬಾಟಲಿ ಅರ್ಧವಾಗಿದೆ. ಬೆಕ್ಕು ಮುಟ್ಟಿಲ್ಲ. ರೈಲ್ವೆ ಗೇಟಿನಲ್ಲಿ ಕಾಯುವಾಗ ಒಂದು ಬೆರಳು... ಕಾಟುಜೇನು, ಕಾಡಿನದು, ಒಳ್ಳೆಯದು. ಝುಹ್ರಾಳಿಗೆ ಹೇಳುವುದಿಲ್ಲ. ನನ್ನ ಚಾದಲ್ಲಿ ಸಕ್ಕರೆ ಹಿಡಿದ ದಿನ ಅವಳು ನನಗೆ ಕೊಟ್ಟ ಉಪನ್ಯಾಸ ಇನ್ನೂ ನೆನಪಿದೆ.

ಫೆಬ್ರವರಿ 21, ಶನಿವಾರ

ಆಚೆ ಮನೆಯಲ್ಲಿ ನೋಂಬು, ರಂಜಾನಿನ ಹಗಲುಪವಾಸ, ಶುರುವಾಗಿದೆ. ಅದರೊಂದಿಗೆ ಅವನದೊಂದು ಹೊಸ ಹಟ. ಝುಹ್ರಾ ಉಣ್ಣುವಾಗ ಮಾತ್ರ ಉಣ್ಣುತ್ತಾನೆ. ಬೆಳಗಾಗುವ ಮೊದಲು ಅವಳ ಸಹರಿ ಊಟ, ಆಗ ಇವನದೂ. ಸಂಜೆ ಮಸೀದಿಯ ಬಾಂಗ್ ಆದ ಮೇಲೆ ಅವಳು ಖರ್ಜೂರ ಬಾಯಿಗಿಡಬೇಕು, ಆಮೇಲೆ ಇವನ ಮೀನು. ನಡುವೆ ನಾನು ಬಂಗುಡೆ ಬೇಯಿಸಿ ಇಟ್ಟರೆ ಮೂಸಿ ನೋಡಿ ಕಣ್ಣು ಮುಚ್ಚುತ್ತಾನೆ.

"ನಾನು ಹೇಗೂ ಏಳ್ತೇನೆ ಅಕ್ಕ. ನೀವು ಐದು ಗಂಟೆಗೆ ಸೂಜಿ ಹಿಡ್ಕೊಂಡು ಬನ್ನಿ. ಚಾ ಕೊಡ್ತೇನೆ. ಸಕ್ಕರೆ ಇಲ್ಲದ್ದು."

ಹೋಗುತ್ತಿದ್ದೇನೆ. ಐದಕ್ಕೆ ಒಂದು, ಸಂಜೆ ಏಳರ ಒಳಗೆ ಒಂದು.

ಫೆಬ್ರವರಿ 27, ಶುಕ್ರವಾರ

231!

ಮೆಷಿನ್ ಕೆಟ್ಟಿರಬೇಕೆಂದು ನನ್ನದು ನೋಡಿದೆ. 174. ಮೆಷಿನ್ ಸರಿಯಾಗಿದೆ.

ಮಾರ್ಚ್ 3, ಮಂಗಳವಾರ

148. ಅಡುಗೆ ಮನೆಯ ಮಣೆ ಹತ್ತಿ ಕೂತಿದ್ದಾನೆ. ಮಣೆ ನಾಲ್ಕು ಇಂಚು. ಆದರೂ!

ಚಾರ್ಟು ಹರಡಿ ಕೂತೆ. ಬದಲಾದದ್ದು ಒಂದೇ. ಹಗಲು ಝುಹ್ರಾಳ ಒಲೆ ಉರಿಯುತ್ತಿಲ್ಲ. ಗೋಡೆಯ ಹತ್ತಿರ ಹೋಗಿ ಕರೆದೆ.

"ಝುಹ್ರಾ, ನೋಂಬಿನ ಮೊದಲು ಹನ್ನೊಂದು ಗಂಟೆಗೆ ಇವ ನಿನ್ನಲ್ಲಿ ಎಂತ ಮಾಡ್ತಿದ್ದ?"

"ಎಂತ ಇಲ್ಲ ಅಕ್ಕ. ಕೂತುಕೊಳ್ತಿದ್ದ."

"ಕೂತುಕೊಂಡು?"

"ನಾನು ಪತ್ತಿರಿ ಸುಡುವಾಗ ನೋಡ್ತಿದ್ದ."

"ನೋಡಿ?"

ಸೆರಗು ಬಾಯಿಗೆ ಹೋಯಿತು. "ಒಂದು ಸಣ್ಣ ತುಂಡು... ಹಾಲಲ್ಲಿ ಅದ್ದಿ. ಪಾಪ ಅಲ್ವಾ ಅಕ್ಕ, ಹಾಗೆ ನೋಡಿದ್ರೆ? ಡಾಕ್ಟರ್ ಹೇಳಿದ್ದು ರೊಟ್ಟಿ. ಇದು ಪತ್ತಿರಿ."

"ಪತ್ತಿರಿ ಅಕ್ಕಿದಲ್ದೆ ಮತ್ತೆ ಎಂತದ್ದು ಮಾರಾಯ್ತಿ?"

"ಅಕ್ಕಿದೇ. ಆದ್ರೆ ತೆಳು."

ಡಾಕ್ಟರ ಮುಂದೆ ನನ್ನ ಜೊತೆ ತಲೆಯಾಡಿಸಿದವಳು! ಬಾಯಿಗೆ ಬಂದದ್ದೆಲ್ಲ ಹೇಳಿಬಿಡುವವಳಿದ್ದೆ. ಖಾನೆಯಲ್ಲಿದ್ದ ಬಾಟಲಿ ನೆನಪಾಯಿತು. ಮೊನ್ನೆಯೇ ಅದರ ತಳ ಬೆರಳಿನಿಂದ ಸವರಿದ್ದೇನೆ. ಹೊಸದು ತಂದಿಲ್ಲ. "ಹೋಗಲಿ ಬಿಡು," ಎಂದೆ. ನನ್ನ ಔದಾರ್ಯಕ್ಕೆ ಅವಳ ಕಣ್ಣು ತುಂಬಿತು. ನನಗೆ ನಾಚಿಕೆಯಾಯಿತು. ಆದರೂ ಹೇಳಲಿಲ್ಲ.

ಮಾರ್ಚ್ 8, ಭಾನುವಾರ. ಬೆಳಗ್ಗೆ

 ಕ್ರಮವಾಗಿ ಬರೆಯಬೇಕು.

ನಿನ್ನೆ ತೋರಿಸುವ ದಿನ. ಸಂಜೆಯ ಇಂಜೆಕ್ಷನ್ ಹೊತ್ತಿಗೆ ದಾರಿಯಲ್ಲಿರುತ್ತೇವೆ, ಮೊದಲೇ ಕೊಟ್ಟುಬಿಡುವ ಎಂದವಳು ನಾನು. ನಾಲ್ಕಕ್ಕೆ ಬಟ್ಟಲಿಗೆ ಮೀನು ಹಾಕಿ, ಮೂರು ಯುನಿಟ್ ಕೊಟ್ಟೆ. ಸಕ್ಕರೆ ನೋಡಲಿಲ್ಲ. ಹೇಗೂ ಡಾಕ್ಟರ್ ನೋಡುತ್ತಾರಲ್ಲ! ತಿನ್ನುತ್ತಾನೆಂದುಕೊಂಡು ಸೀರೆ ಉಡಲು ಹೋದೆ.

ತಿನ್ನಲಿಲ್ಲ. ಝುಹ್ರಾಳಿಗೆ ನೋಂಬು, ಅವಳು ಉಣ್ಣದೆ ಇವನು ಉಣ್ಣುವವನಲ್ಲ. ಹದಿನೈದು ದಿನದಿಂದ ಈ ಡೈರಿಯಲ್ಲಿ ನಾನೇ ಬರೆದಿಟ್ಟ ವಿಷಯ. ಬಟ್ಟಲು ನೋಡದೆ ಕಾರು ಹತ್ತಿದೆವು.

ಬಂದ್ಯೋಡಿನ ತನಕ ಕೂಗಿದ. ನಾನು ಮಳೆಗಾಲದ ಚರಂಡಿ ವಿಷಯ ತೆಗೆದೆ. ಸುಮ್ಮನಾದ. ಮೊಗ್ರಾಲಿನ ಹತ್ತಿರ ಬ್ಲಾಕ್. ಮುಂದೆ ಲಾರಿ, ಹಿಂದೆ ಬಸ್ಸು. ಇಂಜಿನ್ ಆಫ್ ಮಾಡಿ ನಾನೂ ಬಾಯಿ ಮುಚ್ಚಿ ಕೂತೆ. ಐದು ನಿಮಿಷ. ಹತ್ತು ನಿಮಿಷ. ಏನೋ ಸರಿಯಿಲ್ಲ ಅನಿಸಿತು. ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು.

ನಾನು ಬೈಯುತ್ತಿರಲಿಲ್ಲ. ಆದರೂ ಅವನು ಕೂಗುತ್ತಿರಲಿಲ್ಲ.

"ಝುಹ್ರಾ, ನೋಡು."

ಹಗ್ಗ ಬಿಚ್ಚಿದಳು. "ಅಕ್ಕ, ತಲೆ ನಿಲ್ತಿಲ್ಲ. ನಡುಗ್ತಿದ್ದಾನೆ. ಯಾ ಅಲ್ಲಾ, ಜೇನು ಕೊಡಿ, ಬೇಗ!"

ಖಾನೆ ತೆರೆದೆ. ತೆರೆಯಬೇಕಾಗಿರಲಿಲ್ಲ.

"ಖಾಲಿ," ಎಂದೆ. "ನಾನು ತಿಂದೆ."

ಅವಳು ಅವನನ್ನು ಎದೆಗೆ ಅವಚಿಕೊಂಡಳು. 

ಆಗ ಬಾಂಗ್ ಕೂಗಿತು. ಅದರ ಜೊತೆಯಲ್ಲೇ ಯಾರೋ ಕಿಟಕಿ ಬಡಿದರು. ಬಿಳಿ ಗಡ್ಡ, ಕೈಯಲ್ಲಿ ತಟ್ಟೆ. ನೋಂಬು ಬಿಡುವ ಹೊತ್ತಿಗೆ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಖರ್ಜೂರ, ನೀರು, ಶರಬತ್ತು ಹಂಚುವವರು. ನೋಂಬಿದ್ದವರು, ಇಲ್ಲದವರು ಎಂದು ಕೇಳುವುದಿಲ್ಲ. ಎಲ್ಲ ಗಾಡಿಗೂ. ಇದರ ವಿರುದ್ಧ ಎರಡು ವರ್ಷದ ಹಿಂದೆ ಪೇಪರಿಗೆ ಪತ್ರ ಬರೆದವಳು ನಾನು: ‘ಹೆದ್ದಾರಿಯಲ್ಲಿ ವಾಹನ ತಡೆಯುವುದು ನಾಗರಿಕ ಲಕ್ಷಣವೇ?’

ಕಿಟಕಿಯ ಗ್ಲಾಸು ಇಳಿಸಿ, ತಟ್ಟೆಯಿಂದ ಶರಬತ್ತಿನ ಲೋಟ ಎಳೆದುಕೊಂಡೆ. ಝುಹ್ರಾ ಖರ್ಜೂರ ಹಿಸುಕಿ ಅದರಲ್ಲಿ ಅದ್ದಿ, ಬೆರಳಿನಿಂದ ಅವನ ಒಸಡಿಗೆ ಉಜ್ಜಿದಳು. ಮತ್ತೆ ಅದ್ದಿದಳು. ಮತ್ತೆ ಉಜ್ಜಿದಳು. ಹದಿಮೂರು ಗಂಟೆ ನೀರು ಮುಟ್ಟದವಳು. ಬಾಂಗ್ ಮುಗಿದಿತ್ತು. ಅವಳ ಬಾಯಿಗೆ ಇನ್ನೂ ಏನೂ ಹೋಗಿರಲಿಲ್ಲ.

"ಮೊದಲು ನೀನು ನೀರು ಕುಡಿ."

"ಇವ ನೆಕ್ಕಲಿ ಅಕ್ಕ."

ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಗಡ್ಡದವರು ನಮ್ಮ ಕಾರಿನ ಹಿಂದೆ ಎರಡೂ ಕೈ ಚಾಚಿ ನಿಂತರು. "ಸ್ವಲ್ಪ ತಡಿ ಮಾರಾಯ! ಒಳಗೆ ಪೇಷಂಟ್ ಉಂಟು!" ವಾಹನ ತಡೆದರು. ಹೆದ್ದಾರಿಯಲ್ಲಿ. ನನಗೋಸ್ಕರ.

ನಾಲಗೆಯ ತುದಿ ಹೊರಬಂತು. ಅವಳ ಬೆರಳು ನೆಕ್ಕಿತು. ಮತ್ತೊಮ್ಮೆ. ತಲೆ ಎತ್ತಿ, ನನ್ನನ್ನು ನೋಡಿ, ಒಂದು ಕೂಗು ಕೂಗಿದ. ಆ ಕೂಗು! ಝುಹ್ರಾ ಅಳುತ್ತ ನಗುತ್ತ ಅದೇ ಖರ್ಜೂರದ ಉಳಿದರ್ಧವನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಗಡ್ಡದವರು ಕಿಟಕಿಗೆ ಬಗ್ಗಿ ಬೆಕ್ಕನ್ನು ಕಂಡರು. "ಪೇಷಂಟ್ ಪೂಚೆಯಾ!" ಎಂದರು ಮೊದಲು. ಆಮೇಲೆ ನನ್ನನ್ನು ದಿಟ್ಟಿಸಿ, "ನೀವು ಲೈಬ್ರರಿ ಅಕ್ಕ ಅಲ್ವಾ? ನಮ್ಮ ಬಗ್ಗೆ ಪೇಪರಿಗೆ ಬರೆದದ್ದು?"

ನನಗೂ ಗುರುತು ಸಿಕ್ಕಿತು. "ನೀವು ಮಮ್ಮಾಲಿ ಅಲ್ವಾ? ತೊಂಬತ್ತೆಂಟರಲ್ಲಿ ಜೇನು ಸಾಕಣೆಯ ಪುಸ್ತಕ ಕೊಂಡುಹೋಗಿ ವಾಪಸ್ ಕೊಡದವರು?"

"ಅಲ್ಲಾ! ಇನ್ನೂ ನೆನಪುಂಟಾ?"

"ನೀಲಿ ರಟ್ಟು. ಹಿಂದಿನ ಪುಟ ಹರಿದಿತ್ತು."

"ಉಂಟು ಅಕ್ಕ, ಪುಸ್ತಕ ಮನೆಯಲ್ಲುಂಟು. ಅದನ್ನು ಓದಿಯೇ ಪೆಟ್ಟಿಗೆ ಇಟ್ಟದ್ದು. ಈಗ ಹದಿನಾರು ಪೆಟ್ಟಿಗೆ."

ಮುಂದಿನ ಲಾರಿ ಹೊರಟಿತು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಇಷ್ಟು ನೆನಪಿಡುವ ನನಗೆ ಅದು ನೆನಪಿಲ್ಲ.

ಕ್ಲಿನಿಕ್. ಶರಬತ್ತು ಹೋದ ಮೇಲೂ 74. ಜೇನಿನದ್ದೂ ಪತ್ತಿರಿಯದ್ದೂ ಒಪ್ಪಿಕೊಂಡೆವು. ಡಾಕ್ಟರ್ ಮೊದಲು ಇಬ್ಬರಿಗೂ ಸರಿಯಾಗಿ ಬೈದರು. ಅವನು ಕಿವಿ ನೆಟ್ಟಗೆ ಮಾಡಿ ಕೇಳಿದ. ಆಮೇಲೆ ಚಾರ್ಟು ನೋಡಿ, "ಇವನ ಮೈಯೇ ಈಗ ಸ್ವಲ್ಪ ಇನ್ಸುಲಿನ್ ಮಾಡ್ತಾ ಉಂಟು ಅಂತ ಕಾಣ್ತದೆ. ಬೆಕ್ಕುಗಳಲ್ಲಿ ಕೆಲವೊಮ್ಮೆ ಹಾಗಾಗ್ತದೆ. ಒಂದು ಯುನಿಟ್‌ಗೆ ಇಳಿಸುವ. ನೋಡದೆ ಚುಚ್ಚಬೇಡಿ. ಪತ್ತಿರಿ ಮಾತ್ರ..."

"ಮುಗೀತು ಡಾಕ್ಟ್ರೇ," ಎಂದಳು ಝುಹ್ರಾ. "ಇನ್ನು ಇವನಿಗೆ ವರ್ಷಪೂರ್ತಿ ಹಗಲು ನೋಂಬು."

ವಾಪಸ್ ಬರುವಾಗ ಅವಳು ನನ್ನೊಡನೆ ಮಾತಾಡಿದ್ದು ಶಿರಿಯ ಸೇತುವೆಯ ಮೇಲೆ. "ಬಾಟಲಿ ಪೂರ್ತಿ ತಿಂದಿರಾ ಅಕ್ಕ?"

"ಪೂರ್ತಿ."

"ನನಗೊಂದು ಬೆರಳು ಇಡ್ಲಿಲ್ಲ."

ಮಾರ್ಚ್ 10, ಮಂಗಳವಾರ

ಪೇಪರಿಗೆ ಪತ್ರ ಹಾಕಿದೆ. ‘ಎರಡು ವರ್ಷದ ಹಿಂದಿನ ನನ್ನ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ.’ ಕಾರಣ ಬರೆಯಲಿಲ್ಲ. ನಲವತ್ತು ವರ್ಷದಲ್ಲಿ ಇದು ಮೊದಲು.

ಮಾರ್ಚ್ 21, ಶನಿವಾರ

ನೋಂಬು ಮುಗಿದು ಹಬ್ಬವೂ ಕಳೆಯಿತು. ಅವನಿಗೆ ಹಬ್ಬದೂಟ: ಬೇಯಿಸಿದ ಬಂಗುಡೆ. ನನಗೆ ಬಿರಿಯಾನಿ, ಅನ್ನ ಕಮ್ಮಿ — ಝುಹ್ರಾಳ ಕಟ್ಟಳೆ.

ಬೆಳಗ್ಗೆ 88. ಡಾಕ್ಟರಿಗೆ ಫೋನ್. "ಇವತ್ತಿಂದ ಇಂಜೆಕ್ಷನ್ ಬೇಡ. ದಿನಾ ನೋಡ್ತಾ ಇರಿ. ಮೂರು ವಾರ ಆದ ಮೇಲೆ ಕರ್ಕೊಂಡು ಬನ್ನಿ."

ಸಿರಿಂಜಿನ ಡಬ್ಬಿ ಮುಚ್ಚಿ ಕಪಾಟಿನ ಮೇಲಿಟ್ಟೆ. ಎಸೆಯಲಿಲ್ಲ. ನನಗೆ ನಂಬಿಕೆ ತಡವಾಗಿ ಬರುತ್ತದೆ.

ಏಪ್ರಿಲ್ 11, ಶನಿವಾರ. ಸಂಜೆ 4.50

ನನ್ನದು 139. ಅವನದು 92. ಸೂಜಿಯಿಲ್ಲದೆ ಇಪ್ಪತ್ತೊಂದು ದಿನ.

ಬೆಳಗ್ಗೆ ನಡೆದದ್ದು: ಬಟ್ಟೆ ಹರವುತ್ತಿದ್ದೆ. ಅವನು ಗೋಡೆಯ ಬುಡಕ್ಕೆ ಹೋದ. ತೂತು ಮೂಸಿದ. ಮೇಲೆ ನೋಡಿದ. ಸೊಂಟ ಒಮ್ಮೆ ಅಲ್ಲಾಡಿತು... ಗೋಡೆಯ ಮೇಲಿದ್ದ! ಈಚೆಯಿಂದ ನಾನು "ಗುಂಡಾ!" ಎಂದೆ. ಆಚೆಯಿಂದ ಅವಳು "ಸುಲ್ತಾನ್!" ಎಂದಳು. ಇಬ್ಬರನ್ನೂ ಲೆಕ್ಕಿಸದೆ ಕಾಲು ನೆಕ್ಕುತ್ತ ಕೂತ.

ಈಗ ಕಾಸರಗೋಡು, ತೋರಿಸಲಿಕ್ಕೆ. ಹೋಗುವ ದಾರಿಯಲ್ಲಿ ಮಮ್ಮಾಲಿಯವರ ಮನೆ. ಪುಸ್ತಕ ಇಪ್ಪತ್ತೆಂಟು ವರ್ಷಕ್ಕೆ ವಾಪಸ್ ಬರುತ್ತದಂತೆ. ಜೊತೆಗೆ ಜೇನು, ಎರಡು ಬಾಟಲಿ. ಎರಡೂ ತನ್ನ ಕೈಯಲ್ಲೇ ಇರುತ್ತವೆಂದು ಝುಹ್ರಾ ತೀರ್ಮಾನಿಸಿದ್ದಾಳೆ.

ಕ್ರೇಟಿನೊಳಗಿಂದ ಕೂಗು ಶುರುವಾಗಿದೆ. ಬೀದಿಗೆಲ್ಲ ಕೇಳುತ್ತಿದೆ. ಎಷ್ಟು ಚೆಂದದ ಕೂಗು. ಇವತ್ತಿನ ಬೈಗುಳಕ್ಕೆ ವಿಷಯ ಗುರುತು ಹಾಕಿಕೊಳ್ಳುತ್ತಿದ್ದೇನೆ. ಒಂದು, ಸರ್ವಿಸ್ ರೋಡಿನಲ್ಲಿ ನಿಲ್ಲುವ ನೀರು. ಎರಡು, ಸ್ಟೇಷನ್ನಿನಲ್ಲಿ ಮುರಿದ ಬೆಂಚು. ಮೂರು — ಝುಹ್ರಾ ಹಿಂದಿನ ಸೀಟಿನಿಂದ ಬಗ್ಗಿ ಹಾರ್ನ್ ಒತ್ತುತ್ತಿದ್ದಾಳೆ — ಬಂದೆ ಮಾರಾಯ್ತಿ! ಮೂರು,