ಎಂಟರ ಜಾಗದಾಗ ಹದಿನಾರು

ಫೆಬ್ರವರಿ 2, ರವಿವಾರ

ಲ್ಯಾಪ್‌ಟಾಪ್ ಮತ್ತ ಹ್ಯಾಂಗ್ ಆತು. ಮುಂಜಾನೆಯಿಂದ ಇದು ಮೂರನೇ ಸಲ. ಉಪ್ಪಲ್ ಹಾಸ್ಟೆಲ್ ಫೈಲ್ ತೆರದ್ರ ಸಾಕು, ಫ್ಯಾನ್ ಒದರತೈತಿ, ಸ್ಕ್ರೀನ್ ಬೆಳ್ಳಗ ಆಗಿ ನಿಂತುಬಿಡತೈತಿ. ನಾಲ್ಕು ಅಂತಸ್ತಿನ ಹಳೇ ಬಿಲ್ಡಿಂಗ್. ಅದರ ಮ್ಯಾಲ ಹೊಸದೊಂದು ಅಂತಸ್ತು. ಅದರ ಮ್ಯಾಲ ನಲವತ್ತು ಸಾವಿರ ಲೀಟರಿನ ನೀರಿನ ಟ್ಯಾಂಕು. ನನ್ನ ಲ್ಯಾಪ್‌ಟಾಪಿಗೆ ಹನ್ನೆರಡು ವರ್ಷ. ಎಂಟು ಜಿಬಿ ರ‍್ಯಾಮ್. ಅದಕ್ಕ ಇಷ್ಟೆಲ್ಲಾ ಹೊರಸಿದ್ರ...

ಜನಾರ್ದನ ಸರ್ ಫೋನ್. ಬಿಲ್ಡಿಂಗ್ ಲೆಕ್ಕ ಹಾಕೋದು ನಾನು, ಡ್ರಾಯಿಂಗ್ ಮ್ಯಾಲ ಸಹಿ ಅವರದು. ಆರು ವರ್ಷದಿಂದ ಹಿಂಗ ನಡದೈತಿ. "ಸಂಯುಕ್ತಾ, ಹಾಸ್ಟೆಲ್‌ದು ಯಾವಾಗಮ್ಮಾ?" ಹತ್ತನೇ ತಾರೀಖು ಅಂದುಬಿಟ್ಟೆ.

ಕೇದಾರ ಚಹಾ ತಂದಿಟ್ಟು ಹಿಂದ ನಿಂತು ನೋಡಿದ. "ಹದಿನಾರು ಜಿಬಿ ಹಾಕೋಣು ಬಿಡು." ಮ್ಯಾನುಯಲ್ ತಗದು ತೋರಿಸಿದೆ. ಗರಿಷ್ಠ ಎಂಟು ಅಂತ ಅಚ್ಚಾಗೈತಿ. ನಕ್ಕ. "ಅವರು ಟೆಸ್ಟ್ ಮಾಡಿದ್ದು ಎಂಟರ ತನಕ. ಅಷ್ಟ ಬರದಾರ. ತಡಕೋತೈತಿ. ಎಷ್ಟೋ ಮಂದಿ ಹಾಕ್ಯಾರ ನೋಡು ನೆಟ್‌ನಾಗ." ಡಿಫೆನ್ಸ್ ಫ್ಯಾಕ್ಟರಿಯಾಗ ಹದಿನೈದು ವರ್ಷ ಸರ್ಕ್ಯೂಟ್ ಬೋರ್ಡ್ ನೋಡಿದಾವ. ಗಂಡನ ಮಾತು ಅಂತಲ್ಲ — ಅವನಿಗೆ ಗೊತ್ತಿರತೈತಿ.

ಫೆಬ್ರವರಿ 8, ಶನಿವಾರ

ರ‍್ಯಾಮ್ ಬಂತು. ಎಂಟು ಎಂಟರ ಎರಡು ಪಟ್ಟಿ. ಸೆಕೆಂಡ್ ಹ್ಯಾಂಡ್, ಈ ಥರದ್ದು ಹೊಸದು ಈಗ ಸಿಗಂಗಿಲ್ಲಂತ. ಕೇದಾರ ಊಟದ ಟೇಬಲ್ ಮ್ಯಾಲ ಪೇಪರ್ ಹಾಸಿ ಲ್ಯಾಪ್‌ಟಾಪ್ ಬೋರಲ ಹಾಕಿದ. ಹಳೇ ಹಲ್ಲಿನ ಬ್ರಷ್‌ಲೆ ಧೂಳು ತಗದ. ಪಟ್ಟಿ ಕೂಡಿಸಿ ಆನ್ ಮಾಡಿದ್ರ ಮೂರು ಸಲ ಬೀಪ್, ಆಮ್ಯಾಲ ಕತ್ತಲು. ಅವ ಸಮಾಧಾನದಿಂದ ಬಿಚ್ಚಿ, ಪಟ್ಟಿಯ ತುದಿ ರಬ್ಬರ್‌ಲೆ ತಿಕ್ಕಿ, ಮತ್ತ ಕೂಡಿಸಿದ. ಬಂತು. ಹದಿನಾರು ಅಂತ ತೋರಸ್ತು. ಅವನ ಮಾರಿ ನೋಡಬೇಕಿತ್ತು.

"ಇನ್ನ ಮೆಮೊರಿ ಟೆಸ್ಟ್ ಒಂದು ಓಡಿಸ್ಬೇಕು. ಎಂಟ್ಹತ್ತು ತಾಸು ಹಿಡೀತೈತಿ," ಅಂದ. ನನಗ ತಡಿಯಾಕ ಆಗಲಿಲ್ಲ. ಹತ್ತು ನಿಮಿಷ ಓಡಿತ್ತು. ಸಾಕು, ನಿಲ್ಲಿಸು ಅಂದೆ. ನಿಲ್ಲಿಸಿದ.

ಫೆಬ್ರವರಿ 10, ಸೋಮವಾರ

ಫೈಲ್ ನಲವತ್ತು ಸೆಕೆಂಡಿನ್ಯಾಗ ತೆರೀತು. ನಲವತ್ತು. ತಿರುಗಿಸಿದಂಗೆಲ್ಲಾ ಬಿಲ್ಡಿಂಗ್ ತಿರಗತೈತಿ, ನೀರ ಕುಡದಂಗ. ಮಧ್ಯಾಹ್ನದೊಳಗ ಲೆಕ್ಕ ಮುಗೀತು. ಎಲ್ಲಾ ತೊಲಿ, ಎಲ್ಲಾ ಕಂಬ ಪಾಸ್. ಸಂಜಿಗೆ ಡ್ರಾಯಿಂಗ್ ಕಳಿಸಿದೆ. ಆರು ತಿಂಗಳದಾಗ ಇಷ್ಟು ಹಗುರ ಅನಿಸಿದ ದಿನ ಇಲ್ಲ.

ಫೆಬ್ರವರಿ 26, ಬುಧವಾರ

ನೀಲಿ ಸ್ಕ್ರೀನ್. ತಾನ ಬಂದ್ ಆಗಿ ತಾನ ಚಾಲೂ ಆತು. ಹೋದ ವಾರನೂ ಆಗಿತ್ತು.

ಅವ್ವನ ಫೋಟೋ ಒಂದು ತೆರದೆ. ಗದಗಿನ ಮನಿ ಕಟ್ಟಿ ಮ್ಯಾಲ ಕುಂತದ್ದು. ಮೂಗಿನಿಂದ ಕೆಳಗ ಅರ್ಧ ಮಾರಿ ಹಸರ ಪಟ್ಟಿ. ಅಪ್‌ಡೇಟ್ ಗದ್ದಲ ಇರಬೇಕು ಅಂದ ಕೇದಾರ. ಫೋಟೋದ ಇನ್ನೊಂದು ಪ್ರತಿ ತಮ್ಮನ ಹತ್ರ ಐತಿ, ತರಿಸ್ಕೋಬೇಕು.

ಮಾರ್ಚ್ 12, ಬುಧವಾರ

ಸೈಟಿಗೆ ಹೋಗಿದ್ದೆ. ತಾರ್ನಾಕದಿಂದ ಮೆಟ್ರೋ, ಉಪ್ಪಲ್‌ನಾಗ ಇಳದು ಆಟೋ. ಟ್ಯಾಂಕಿನ ಬುಡದ ತೊಲಿಗೆ ನಾಳಿ ಕಾಂಕ್ರೀಟ್. ಕಬ್ಬಿಣ ಕಟ್ಟೋ ಮೇಸ್ತ್ರಿ ಹದಿನಾಲ್ಕನೇ ತೊಲಿ ತೋರಿಸಿ ಕೇಳಿದ, "ಮೇಡಂ, ಬಾಜೂದ್ರಾಗ ಆರು ಸಲಾಕಿ, ಇದರಾಗ ಮೂರ. ಬರೋಬರ್ ಐತೇನ್ರಿ?" ಡ್ರಾಯಿಂಗ್ ನೋಡಿದೆ. ಮೂರ ಐತಿ. ಒಂದು ಗಳಿಗಿ ನಿಂತೆ. ಸಾಫ್ಟ್‌ವೇರ್ ಪಾಸ್ ಅಂದೈತಿ. ಅಲ್ಲಿ ಭಾರ ಬ್ಯಾರೆ ಕಡೆ ಇಳೀತಿರಬೇಕು... ಡ್ರಾಯಿಂಗ್‌ನಾಗ ಇದ್ದಂಗ ಕಟ್ಟು ಅಂದೆ.

ಗದಿಗೆಮ್ಮ ಅಂತ ಒಬ್ಬಾಕಿ ಸಿಕ್ಲು. ದೇವದುರ್ಗದ ಕಡೆಯಾಕಿ. ಗಂಡ ಹುಸೇನಪ್ಪ. ಇಬ್ಬರೂ ಸೈಟ್ ಕಾಯ್ತಾರ, ಹಸೀ ಕಾಂಕ್ರೀಟಿಗೆ ನೀರ ಹೊಡೀತಾರ. "ಮೇಡಂರಿ, ನೀವು ನಮ್ಮ ಕಡೆಯವರೇನ್ರಿ?" ಅಂತ ತಾನ ಬಂದು ಮಾತಾಡ್ಸಿದ್ಲು. ರೊಟ್ಟಿ, ಶೇಂಗಾ ಹಿಂಡಿ ಕೊಟ್ಲು. ಭಾಳ ದಿನದ ಮ್ಯಾಲ ಬಿಸಿ ರೊಟ್ಟಿ. ಕೆಳಗ ಅವರ ಖೋಲಿಯಾಗ ಸಿಮೆಂಟ್ ಚೀಲ ತುಂಬ್ಯಾವಂತ, ಕಾಂಕ್ರೀಟ್ ಗಟ್ಟಿಯಾದ ಮ್ಯಾಲ ಟ್ಯಾಂಕಿನ ಬುಡದ ಹೊಸ ಖೋಲಿಗೆ ಬರ್ತಾರಂತ. "ಗಾಳಿ ಛಲೋ ಬರತೈತ್ರಿ ಅಲ್ಲಿ."

ಏಪ್ರಿಲ್ 22, ಮಂಗಳವಾರ, ಮಧ್ಯಾಹ್ನ 3

ಒಂದು ಫೈಲ್ ತೆರೀವಲ್ದು. ಹಾಳಾಗೈತಿ ಅಂತ ತೋರಸ್ತೈತಿ. ಕೇದಾರಗ ಇವತ್ತ ರಜಾ. ಮೆಮೊರಿ ಟೆಸ್ಟ್ ಹಚ್ಚಿದ. ಈ ಸಲ ನಿಲ್ಲಿಸು ಅನ್ನಲಿಲ್ಲ.

ಇಪ್ಪತ್ತು ನಿಮಿಷಕ್ಕ ಮೊದಲನೇ ಕೆಂಪು ಸಾಲು. ಆಮ್ಯಾಲ ಒಂದರ ಹಿಂದ ಒಂದು. ಸ್ಕ್ರೀನ್ ತುಂಬ.

ಕೇದಾರ ಕುರ್ಚಿ ಎಳಕೊಂಡು ಕುಂತ. ಎರಡೂ ಪಟ್ಟಿ ತಗದು ಒಂದೊಂದ ಹಾಕಿ ನೋಡಿದ. ಲ್ಯಾಪ್‌ಟಾಪಿನ ತಪ್ಪಿಲ್ಲ. ಹದಿನಾರು ಅದು ತಡಕೊಂಡೈತಿ. ಒಂದು ಪಟ್ಟಿ ಹಾಳು.

"ಎಂದಿನಿಂದ?"

"ಬರೋ ಮುಂದನ ಹಂಗ ಇದ್ದಿರಬೇಕು."

"ಹಾಳಾದ್ರ ಏನಾಗ್ತೈತಿ?"

"ಬರದಿಟ್ಟದ್ದು ಒಂದು, ಹೊಳ್ಳಿ ಓದಿದ್ದು ಒಂದು ಆಗ್ತೈತಿ. ಎಲ್ಲೋ ಒಂದು ಅಕ್ಷರ. ಗೊತ್ತಾಗಂಗಿಲ್ಲ."

ಎಲ್ಲೋ ಒಂದು ಅಕ್ಷರ. ನನ್ನ ಫೈಲ್‌ನಾಗ ಅಕ್ಷರ ಎಲ್ಲಿರ್ತಾವು. ಎಲ್ಲಾ ಅಂಕಿ.

ಏಪ್ರಿಲ್ 23, ಬುಧವಾರ

ಹಾಸ್ಟೆಲ್ ಫೈಲ್. ಜನವರಿ ಕೊನೀಗೆ ನಾನ ತಗದ ಪ್ರಿಂಟ್ ಸಿಕ್ತು. ನಾನು ಪ್ರಿಂಟ್ ಓದೋದು, ಕೇದಾರ ಅವನ ಆಫೀಸಿನ ಲ್ಯಾಪ್‌ಟಾಪ್‌ನಾಗ ಫೈಲ್ ನೋಡೋದು. ಎರಡು ತಾಸು. ಹದಿನಾಲ್ಕನೇ ತೊಲಿ ಬಂತು. ಟ್ಯಾಂಕಿನ ಭಾರ, ಮೀಟರಿಗೆ 52 ಕಿಲೋನ್ಯೂಟನ್ ಅಂದೆ.

"12," ಅಂದ.

ಮತ್ತ ನೋಡು ಅಂದೆ. ಮತ್ತ ನೋಡಿದ. 12.

ಮಷೀನಿನೊಳಗ ಐದಕ್ಕೂ ಒಂದಕ್ಕೂ ನಡುವ ಒಂದ ಒಂದು ಬಿಟ್ ಫರಕಂತ. ಆ ಪಟ್ಟ್ಯಾಗ ಆ ಜಾಗದ ಬಿಟ್ ಸತ್ತೈತಿ. ಐದು ಇಟ್ರ ಒಂದು ಬರತೈತಿ. ಹೇಳ್ತಾ ಹೇಳ್ತಾ ಕೇದಾರನ ದನಿ ಕುಗ್ಗಿತು. "ನಾ ಹಾಕಬಾರದಿತ್ತು," ಅಂದ. ಟೆಸ್ಟ್ ನಿಲ್ಲಿಸಿದಾಕಿ ನಾನು. ಮೇಸ್ತ್ರಿ ಕೇಳಿದಾಗ ಹೂಂ ಅಂದಾಕಿ ನಾನು. ಹೇಳಲಿಲ್ಲ. ಹೇಳಬೇಕಿತ್ತು.

ಕೈಲೆ ಲೆಕ್ಕ ಹಾಕಿದೆ, ಪೆನ್ಸಿಲ್‌ಲೆ. ಖಾಲಿ ಟ್ಯಾಂಕ್ ನಿಲ್ತೈತಿ. ಅರ್ಧ ತುಂಬಿದ್ರ ಸೀಳು ಬಿಡತೈತಿ. ಪೂರ್ತಿ ತುಂಬಿದ್ರ ತೊಲಿ ನಿಲ್ಲಂಗಿಲ್ಲ.

ಜನಾರ್ದನ ಸರ್‌ಗೆ ರಾತ್ರಿ ಹತ್ತಕ್ಕ ಫೋನ್ ಮಾಡಿದೆ. ಎಲ್ಲಾ ಹೇಳಿದೆ, ರ‍್ಯಾಮ್ ಸಹಿತ. "ಏಮೀ ಕಾದಮ್ಮಾ, ಏನೂ ಆಗಂಗಿಲ್ಲ. ಸೇಫ್ಟಿ ಫ್ಯಾಕ್ಟರ್ ಇರತದ. ನಾಳೆ ಟ್ಯಾಂಕ್ ತುಂಬಿಸಿ ಟೆಸ್ಟ್ ಮಾಡಸಾಕತ್ತೀನಿ. ಆಮೇಲೆ ನೋಡೋಣ. ಈ ಲ್ಯಾಪ್‌ಟಾಪ್ ಮಾತು ಯಾರ ಮುಂದೂ ಆಡಬೇಡ."

ನಾಳೆ?

ಫೋನ್ ಇಟ್ಟುಬಿಟ್ರು. ಹತ್ತು ಸಲ ಹಚ್ಚಿದೆ. ಎತ್ತಲಿಲ್ಲ. ಸೈಟಿನ್ಯಾಗ ಬ್ಯಾರೆ ಯಾರ ನಂಬರೂ ನನ್ನ ಹತ್ರ ಇಲ್ಲ, ಗದಿಗೆಮ್ಮನ ನಂಬರ್ ನಾನು ಯಾವತ್ತೂ ತಗೊಂಡಿಲ್ಲ.

ಏಪ್ರಿಲ್ 24, ಗುರುವಾರ, ಸಂಜಿ 7

ಬರೀತೀನಿ.

ಒಂಬತ್ತಕ್ಕ ಸೈಟ್ ಮುಟ್ಟಿದೆ. ಗೇಟಿನ್ಯಾಗ ಟ್ಯಾಂಕರ್ ನಿಂತಿತ್ತು, ಪೈಪು ಮ್ಯಾಲಿನ ತನಕ ಹೋಗಿತ್ತು. ಎರಡು ಟ್ಯಾಂಕರ್ ಆಗ್ಯಾವು, ಇದು ಮೂರನೇದು ಅಂದ ಅಮಿತ, ಸೈಟ್ ಎಂಜಿನಿಯರ್. ಎರಡು ಅಂದ್ರ ಇಪ್ಪತ್ತು ಸಾವಿರ ಲೀಟರ್. ಅರ್ಧ. ನಿಲ್ಲಿಸು ಅಂದೆ. "ಸರ್ ಹೇಳಬೇಕು ಮೇಡಂ. ನೀವು ಯಾರು ಹೇಳಾಕ?" ದನಿಯಾಗ ಸಿಟ್ಟಿರಲಿಲ್ಲ. ಖರೇನ ಕೇಳಾಕತ್ತಿದ್ದ.

ಮೆಟ್ಟಲ ಹತ್ತಿದೆ. ಐದು ಅಂತಸ್ತು. ಗದಿಗೆಮ್ಮ ಖೋಲಿಯಾಗ ಹಿಟ್ಟು ನಾದಾಕತ್ತಿದ್ಲು. ಹಿಟ್ಟಿನ ಮ್ಯಾಲ, ಹಾಸಿಗಿ ಮ್ಯಾಲ ಬೂದಿಯಂಥಾ ಧೂಳು. ಮ್ಯಾಲ ನೋಡಿದೆ. ತೊಲಿಯ ನಟ್ಟನಡುವ ಒಂದು ಗೆರಿ. ಕೆಳಗಿಂದ ಎದ್ದು ಅರ್ಧ ಎತ್ತರಕ್ಕ ಹೋಗೈತಿ. ಬಳಪದಲೆ ಎಳದಂಗಲ್ಲ. ಉಗುರು ಹೋಗೋವಷ್ಟು ಅಗಲ.

"ನಿನ್ನೆ ಇದ್ದಿದ್ದಿಲ್ರಿ ಅದು," ಅಂದ್ಲು. "ಮುಂಜಾನೆ ಟಕ್ ಅಂತು. ಹಲ್ಲಿ ಅನಕೊಂಡೆ."

"ಗದಿಗೆಮ್ಮ, ಏಳು. ಹೊರಗ ನಡಿ."

"ಟ್ರಂಕ್ ಐತ್ರಿ."

"ಟ್ರಂಕ್ ಇರ್ಲಿ. ನಡಿ."

"ಅಂವ ಮ್ಯಾಲ ಅದಾನ್ರಿ, ಪೈಪ್ ಹಿಡಕೊಂಡು." ಹಿಟ್ಟಿನ ಕೈಲೆ ನನ್ನ ರಟ್ಟಿ ಹಿಡದ್ಲು. ಅವಳನ್ನ ಮೆಟ್ಟಲ ಇಳಿಸಿ ನಾನು ಮ್ಯಾಲ ಓಡಿದೆ.

ಹುಸೇನಪ್ಪ ಟ್ಯಾಂಕಿನ ಬಾಯಾಗ ಪೈಪ್ ಇಟ್ಟು ನಿಂತಿದ್ದ. ಟ್ಯಾಂಕಿನ ನೀರ ಹೊರಗ ಬಿಡೋ ವಾಲ್ವ್ ತಿರುವಾಕ ಹೋದೆ. ಅಲ್ಲಾಡಲಿಲ್ಲ. ಹೊಸಾ ವಾಲ್ವ್, ಒಂದ ಸಲನೂ ತಿರುವಿಲ್ಲ. ಹುಸೇನಪ್ಪ ನನ್ನ ಮಾರಿ ನೋಡಿದ. ಪೈಪು ಹೊರಗ ಒಗದು, ಪಾನಾ ತಂದು, ವಾಲ್ವಿಗೆ ಹಾಕಿ ಮೈಭಾರ ಬಿಟ್ಟ. ಕಿರ್ ಅಂತು. ನೀರ ಹೊಂಟಿತು. ಕಾಲಾಗ ಸ್ಲ್ಯಾಬ್ ಅದುರಿದಂಗ ಆತು. "ಇಳೀರಿ ಮೇಡಂರಿ, ನಾ ನೋಡ್ಕೋತೀನಿ," ಅಂದ. ಅವನನ್ನ ಬಿಟ್ಟು ನಾ ಇಳೀಲಿಲ್ಲ. ಇಬ್ಬರೂ ಇಳದ್ವಿ.

ಅಮಿತ ಒದರಕೋತ ಮ್ಯಾಲ ಬಂದಾವ ಖೋಲಿಯಾಗಿನ ಸೀಳು ನೋಡಿ ಹಂಗ ಹೊಳ್ಳಿದ. ಕೆಳಗ ಓಡಿಹೋಗಿ ಟ್ಯಾಂಕರ್ ಕಳಿಸಿದ. ನಾವೆಲ್ಲಾ ರಸ್ತೆದ ಆಚೆ ನಿಂತ್ವಿ. ಟ್ಯಾಂಕ್ ಖಾಲಿ ಆಗಾಕ ಎರಡು ತಾಸು ಹಿಡೀತು.

ತೊಲಿ ನಿಂತೈತಿ.

ಏಪ್ರಿಲ್ 26, ಶನಿವಾರ

ತೊಲಿ ಕೆಳಗ ಕಬ್ಬಿಣದ ಆಸರ ಕೊಟ್ಟಾರ. ಇವತ್ತ ಮಾಲಕರೂ ಜನಾರ್ದನ ಸರ್‌ರೂ ಬಂದಿದ್ರು. ಸರ್ ಮಾಲಕರಿಗೆ ಹೇಳಿದ್ರು, ಲೇಬರ್ ಮಂದಿ ಕಾಂಕ್ರೀಟ್ ಹಸಿ ಇದ್ದಾಗನ ಕೆಳಗಿನ ಆಸರ ಬಿಚ್ಚಿಬಿಟ್ಟಾರ, ಹುಸೇನಪ್ಪ ನೀರ ಸರಿ ಹೊಡದಿಲ್ಲ, ಅದಕ್ಕ ಸೀಳು. ಹುಸೇನಪ್ಪ ಅಲ್ಲೇ ನಿಂತಿದ್ದ, ತೆಲುಗು ಪೂರ್ತಿ ತಿಳಿಯಂಗಿಲ್ಲ, ತನ್ನ ಹೆಸರು ಬಂದದ್ದು ಮಾತ್ರ ತಿಳೀತು.

ನಾನು ಹೇಳಿದೆ. ತಪ್ಪು ನನ್ನ ಫೈಲಿಂದು. ಅಂಕಿ ತಪ್ಪಿತ್ತು. ಇವರದೇನೂ ಇಲ್ಲ. ಸರ್ ನನ್ನ ಕಡೆ ನೋಡಲೇ ಇಲ್ಲ. ಇನ್ನ ಮ್ಯಾಲ ಅವರ ಕೆಲಸ ನನಗ ಬರಂಗಿಲ್ಲ.

ಗದಿಗೆಮ್ಮ ಟ್ರಂಕ್ ಕಟ್ಟಾಕತ್ತಿದ್ಲು. ಗಚ್ಚಿಬೌಲಿ ಕಡೆ ಒಂದು ಸೈಟಿಗೆ ಹೊಂಟಾರ. ಇಲ್ಲೇ ಇರ್ರಿ, ಮಾಲಕರು ಏನೂ ಅನ್ನಂಗಿಲ್ಲ ಅಂದೆ. ಗಂಟು ಬಿಗೀತಾ ಅಂದ್ಲು, "ನಿಮ್ಮ ಲೆಕ್ಕ ತಪ್ಪಿತ್ತಂದ್ರಿ. ನಾವು ಅದರ ಬುಡಕ ಮಲಗಿದ್ವಲ್ರಿ, ಒಂದು ತಿಂಗಳ." ದನಿ ಏರಿಸಲಿಲ್ಲ. ನಂಬರ್ ಕೇಳಿದೆ. ಕೊಡಲಿಲ್ಲ.

ಮೇ 3, ಶನಿವಾರ

ವಾರ ಬರದಿಲ್ಲ. ಮಲಗೋದು, ಏಳೋದು. ಕೇದಾರ ಪಟ್ಟಿ ಎರಡೂ ತಗದು ಕಪಾಟಿನ ಮ್ಯಾಲ ಒಗದಾನ. ಮಾತು ಕಡಿಮಿ ಆಗ್ಯಾವು ನಮ್ಮಲ್ಲಿ. ಸಿಟ್ಟಲ್ಲ.

ಇವತ್ತ ಅನ್ನಕ್ಕ ಕುಂತಾಗ ಅವನ ಅಂದ. "ಸಂಯು, ಎಪ್ಪತ್ಮೂರು ದಿನ ಆ ಪಟ್ಟಿ ಒಳಗಿತ್ತು."

ಗೊತ್ತಿತ್ತು. ಇಷ್ಟು ದಿನ ಅದನ್ನ ನೋಡದಂಗ ಕುಂತಿದ್ದೆ. ಆ ದಿನದಾಗ ಹಾಸ್ಟೆಲ್ ಬಿಟ್ಟು ಇನ್ನೂ ನಾಲ್ಕು ಕೆಲಸ ಕಳಿಸೀನಿ. ಒಂದು ನೀರಿನ ಸಂಪು. ಒಂದು ಕಾಂಪೌಂಡ್ ಗೋಡಿ. ಒಂದು ಮೆಟ್ಟಲ. ಒಂದು ಬಾಲ್ಕನಿ.

ಮಧ್ಯಾಹ್ನದಿಂದ ಕುಂತು ಸಂಪು, ಗೋಡಿ, ಮೆಟ್ಟಲ ಮೂರನ್ನೂ ನೋಡಿದ್ವಿ. ಮೂರೂ ಸರಿ ಅದಾವು. ಬಾಲ್ಕನಿದು ಹಳೇ ಪ್ರಿಂಟ್ ಇಲ್ಲ. ಮೊದಲಿಂದ ಕೈಲೆ ಹಾಕ್ಬೇಕು. ನಾಳಿ.

ಮೇ 4, ರವಿವಾರ, ಮುಂಜಾನೆ 10.40

ಬಾಲ್ಕನಿ ನಾಚಾರಂದಾಗ. ವಿನಾಯಕ ಅವರ ಮನಿ. ಕೇದಾರನ ಫ್ಯಾಕ್ಟರಿಯವರ, ಧಾರವಾಡದ ಕಡೆಯವರು. ಮೊದಲನೇ ಮಾಳಿಗಿಯಿಂದ ಆರು ಅಡಿ ಹೊರಗ ಚಾಚಿದ್ದು, ಕೆಳಗ ಕಂಬ ಇಲ್ಲ. ಮಾರ್ಚ್‌ನಾಗ ಕಟ್ಟಿ ಮುಗಿಸ್ಯಾರ.

ಮಂದಿ ನಿಂತ್ರ ಬೀಳೋ ಭಾರ ನನ್ನ ಲೆಕ್ಕದಾಗ ಚದರ ಮೀಟರಿಗೆ 5. ಕೇದಾರ ಫೈಲ್ ನೋಡಿದ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. 1.

ವಿನಾಯಕ ಅವರಿಗೆ ಫೋನ್ ಹಚ್ಚಿದೆ. ಎತ್ತಿದ್ರು. ಹಿಂದ ಹೆಂಗಸರ ಹಾಡು, ನಗಿ. "ಕೇದಾರ ಎಲ್ಲದಾನ್ರಿ? ಬರ್ರಿ ಇಬ್ಬರೂ. ಬಸರಿ ಮಗಳ ಕುಬಸ ಇವತ್ತ. ಇಡೀ ಮನಿ ಮಂದಿ ತುಂಬೇತಿ."

ಬಾಲ್ಕನಿಯಾಗ ಯಾರೂ ನಿಂದರಬ್ಯಾಡ್ರಿ ಅಂದೆ. ಏನ್ರಿ, ಅಂದ್ರು. ಮತ್ತ ಹೇಳಿದೆ. "ಕೇಳಸವಲ್ದ್ರಿ, ಇಲ್ಲಿ ಭಾಳ ಗದ್ದಲ ಐತಿ. ತಡೀರಿ, ಬಾಲ್ಕನಿಗೆ ಬಂದು ಮಾತಾಡ್ತೀನಿ —"

ಬ್ಯಾಡ್ರಿ ಅಂತ ಒದರಿದೆ. ಲೈನ್ ಕಟ್.

ಕೇದಾರ ಗಾಡಿ ತಗ್ಯಾಕ ಹೋಗ್ಯಾನ. ಹತ್ತು ನಿಮಿಷದ ದಾರಿ. ಹಚ್ಚಾಕತ್ತೀನಿ, ಹಚ್ಚಾಕತ್ತೀನಿ. ಬಿಝಿ. ಅವರೂ ನನಗ ಹಚ್ಚಾಕತ್ತಿರಬೇಕು, ಅಲ್ಲಿ ನಿಂತು. ನಾ ಹಚ್ಚೋದು ನಿಲ್ಲಿಸ್ಬೇಕು. ನಿಲ್ಲಿಸಿ ಇದನ್ನ ಬರೀತೀನಿ, ಅವರ ಫೋನ್ ಬರೋ ತನಕ.

ಕೆಳಗ ಹಾರ್ನ್.

ರಿಂಗ್ ಆತು. ವಿನಾಯಕ ಅವರ ನಂಬರ್. ಎತ್ತಾಕತ್ತೀನಿ.